ಮಧ್ಯಸ್ಥ ತೀರ್ಮಾನ

ವ್ಯಾಜ್ಯವನ್ನು ಕೋರ್ಟಿಗೆ ಒಯ್ಯದೆ, ಉಭಯ ಪಕ್ಷದವರೂ ಒಪ್ಪಿ ಗೊತ್ತುಮಾಡಿಕೊಂಡ ಮೂರನೆಯವರ ಮುಂದಿಟ್ಟು, ಅವರ ತೀರ್ಪಿಗೆ ಬದ್ಧರಾಗುವ ಕ್ರಮ. ವಕೀಲರ ಬಾಯಲ್ಲಿ ಆರ್ಬಿಟ್ರೇಷನ್. ರಾಜಿ ಸಂಧಾನದಲ್ಲಿ ಮೂರನೆಯವರ ಮಾತನ್ನು ಒಪ್ಪುವುದೂ ಬಿಡುವುದೂ ಕಕ್ಷಿಗಾರರ ಇಚ್ಛೆ. ಇಲ್ಲಿ ಒಪ್ಪಿಗೆ ಬೇಕಾದದ್ದು ವ್ಯಾಜ್ಯವನ್ನು ಒಪ್ಪಿಸುವಾಗ ಮಾತ್ರ. ತೀರ್ಪು ಬಂದ ಮೇಲೆ ಅಲ್ಲ.

ಪ್ರಾಚೀನ ರೂಪಗಳು

ಅಥೆನ್ಸ್‌ನಲ್ಲಿ ಅರವತ್ತರ ಹೊಸ್ತಿಲಿನ ನಾಗರಿಕರು ಸಾರ್ವಜನಿಕ ಮಧ್ಯಸ್ಥರಾಗಿ ಸೇವೆ ಸಲ್ಲಿಸಬೇಕಿತ್ತು. ಭಾರತದ ಮಟ್ಟಿಗೆ ಹೆಚ್ಚು ವಿವರ ಸಿಗುವುದು ಧರ್ಮಶಾಸ್ತ್ರಗಳಲ್ಲಿ. ಯಾಜ್ಞವಲ್ಕ್ಯ ಸ್ಮೃತಿ ರಾಜನ ಅಧಿಕಾರಿಗಳ ಕೆಳಗೆ ಪೂಗ, ಶ್ರೇಣಿ, ಕುಲ ಎಂಬ ಮೂರು ಸಭೆಗಳನ್ನು ಇಳಿಕೆಯ ಕ್ರಮದಲ್ಲಿ ಹೇಳುತ್ತದೆ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ವಿಜ್ಞಾನೇಶ್ವರ ಬರೆದ 'ಮಿತಾಕ್ಷರ' ಇವನ್ನು ಬಿಡಿಸಿ ಹೇಳುತ್ತದೆ. ಕುಲವೆಂದರೆ ನಂಟರಿಷ್ಟರ ಗುಂಪು. ಶ್ರೇಣಿಯೆಂದರೆ ಜಾತಿ ಬೇರೆಯಾದರೂ ಕಸುಬು ಒಂದೇ ಆದವರ ಕೂಟ. ವೀಳ್ಯದೆಲೆ ಮಾರುವವರು, ನೇಕಾರರು, ಚರ್ಮದ ಕೆಲಸದವರು ಅವನು ಕೊಡುವ ಉದಾಹರಣೆಗಳು. ಜಾತಿಯೂ ಕಸುಬೂ ಬೇರೆಯಾಗಿ ಒಂದೇ ಊರಿನಲ್ಲಿ ಬಾಳುವವರದು ಪೂಗ. ಕುಲದಲ್ಲಿ ಸೋತವನು ಶ್ರೇಣಿಗೆ, ಅಲ್ಲಿಂದ ಪೂಗಕ್ಕೆ, ಕೊನೆಗೆ ರಾಜಾಧಿಕಾರಿಯ ಬಳಿಗೆ ಹೋಗಬಹುದಿತ್ತು. ಮೇಲಿನಿಂದ ಕೆಳಗೆ ಬರುವಂತಿರಲಿಲ್ಲ. 'ಸಾಹಸ', ಅಂದರೆ ಬಲಾತ್ಕಾರದ ಅಪರಾಧಗಳು, ಇಂಥ ಸಭೆಗಳ ವ್ಯಾಪ್ತಿಗೆ ಬರುವುದಿಲ್ಲವೆಂಬುದು ಸ್ಮೃತಿಕಾರ ಬೃಹಸ್ಪತಿಯ ಮತ.

ಇವನ್ನೇ ಇಂದಿನ ಪದ್ಧತಿಯ ಬೇರು ಎಂದು ಬರೆಯುವ ರೂಢಿಯಿದೆ. ಅದನ್ನು ಎಚ್ಚರದಿಂದ ಒಪ್ಪಬೇಕು. ಈ ಸಭೆಗಳು ಹುಟ್ಟು, ಕಸುಬು, ವಾಸದಿಂದ ಒದಗಿ ಬಂದವು. ಕಕ್ಷಿಗಾರರು ಒಪ್ಪಂದ ಮಾಡಿಕೊಂಡು ಆರಿಸಿದವಲ್ಲ. ಬಹುಶಃ ಇವುಗಳನ್ನು ಜನರ ನ್ಯಾಯಾಲಯಗಳೆನ್ನುವುದೇ ಹೆಚ್ಚು ಸರಿ.

ಕಾನೂನಿನ ಚೌಕಟ್ಟು

ಲೆಕ್ಕಪತ್ರದ ತಕರಾರುಗಳನ್ನು ಮಧ್ಯಸ್ಥರಿಗೆ ಒಪ್ಪಿಸುವ ವ್ಯವಸ್ಥೆ 1772ರ ಬಂಗಾಳದ ನಿಯಮಗಳಲ್ಲಿತ್ತು. ಕೆನರಾ ಮತ್ತು ಬಳ್ಳಾರಿ ಸೀಮೆಯಲ್ಲಿ ಕಲೆಕ್ಟರನಾಗಿದ್ದ ಥಾಮಸ್ ಮನ್ರೋನ ಒತ್ತಾಸೆಯಿಂದ 1816ರಲ್ಲಿ ಮದ್ರಾಸ್ ಪ್ರಾಂತ್ಯ ಪಂಚಾಯಿತಿಗಳಿಗೆ ಕಾನೂನಿನ ಮನ್ನಣೆ ಕೊಟ್ಟಿತು. ಜನ ಅವುಗಳತ್ತ ಹೆಚ್ಚು ಹೋಗಲಿಲ್ಲ. ಮಧ್ಯಸ್ಥ ತೀರ್ಮಾನದ 1899ರ ಕಾಯಿದೆ ಮುಖ್ಯವಾಗಿ ಪ್ರೆಸಿಡೆನ್ಸಿ ನಗರಗಳಿಗೆ ಸೀಮಿತವಾಗಿತ್ತು. 1940ರ ಕಾಯಿದೆ ಹೆಜ್ಜೆಹೆಜ್ಜೆಗೂ ಕೋರ್ಟಿನ ಬಾಗಿಲು ತಟ್ಟಿಸುತ್ತಿತ್ತು ಎಂದು ಸುಪ್ರೀಂ ಕೋರ್ಟೇ 1981ರಲ್ಲಿ ಕಟುವಾಗಿ ಟೀಕಿಸಿತು.

ವಿಶ್ವಸಂಸ್ಥೆಯ 1985ರ ಮಾದರಿ ಕಾನೂನನ್ನು ಅನುಸರಿಸಿದ 1996ರ ಕಾಯಿದೆ ಈಗ ಜಾರಿಯಲ್ಲಿದೆ. ಒಪ್ಪಂದ ಬರಹದಲ್ಲಿರಬೇಕು. ಮಧ್ಯಸ್ಥರ ಸಂಖ್ಯೆ ಬೆಸವಾಗಿರಬೇಕು. 34ನೆಯ ಕಲಮಿನ ಸೀಮಿತ ಕಾರಣಗಳಿದ್ದರೆ ಮಾತ್ರ ಕೋರ್ಟು ತೀರ್ಪನ್ನು ರದ್ದುಮಾಡಬಹುದು. ಅಪರಾಧ, ವಿಚ್ಛೇದನ, ದಿವಾಳಿತನದಂಥ ವಿಷಯಗಳು ಮಧ್ಯಸ್ಥರ ಕೈಗೆ ಬರುವುದಿಲ್ಲವೆಂದು 2011ರಲ್ಲಿ ಸುಪ್ರೀಂ ಕೋರ್ಟ್ ವಿವರಿಸಿದೆ.