ಒಂದು ಋತುವಿನ ಬೌಲಿಂಗ್ ಭಾರ: ಕರ್ನಾಟಕದ ಬೌಲರುಗಳು

ಬೌಲರನೊಬ್ಬ ಒಂದು ಋತುವಿನಲ್ಲಿ, ಅಂದರೆ ಒಂದು ವರ್ಷದ ಟೂರ್ನಿಗಳು ನಡೆಯುವ ಅವಧಿಯಲ್ಲಿ, ಎಷ್ಟು ದುಡಿದನೆಂಬುದನ್ನು ಕ್ರಿಕೆಟ್ಟಿನಲ್ಲಿ ಆಡಿದ ಪಂದ್ಯಗಳಿಗಿಂತ ಪಡೆದ ವಿಕೆಟ್‌ಗಳಿಂದ ಅಳೆಯುವುದು ವಾಡಿಕೆ. ಬೇಸ್‌ಬಾಲಿನಲ್ಲಿ ಪಂದ್ಯಗಳ ಎಣಿಕೆಗೂ ಬೆಲೆಯಿದೆ: ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಮೈಕ್ ಮಾರ್ಷಲ್ 1974ರಲ್ಲಿ 162 ಪಂದ್ಯಗಳ ಪೈಕಿ 106ರಲ್ಲಿ ಚೆಂಡೆಸೆದದ್ದು ಇಂದಿಗೂ ದಾಖಲೆ. ಆತ ರಿಲೀಫ್ ಪಿಚರ್, ಅಂದರೆ ಆರಂಭದಲ್ಲಿ ಎಸೆದವನು ದಣಿದಾಗ ನಡುವೆ ಇಳಿಯುವವನು, ಆದ್ದರಿಂದಲೇ ಆ ಸಂಖ್ಯೆ ಸಾಧ್ಯವಾಯಿತು. ಭಾರತದ ರಾಜ್ಯ ತಂಡಗಳು ಆಡುವ ರಣಜಿ ಟ್ರೋಫಿಯಲ್ಲಿ ಹಾಗಿಲ್ಲ. ಹನ್ನೊಂದರಲ್ಲಿ ಇರುವ ನಾಲ್ಕೈದು ಮಂದಿಯೇ ದಿನವಿಡೀ ಎಸೆಯಬೇಕು, ಪಂದ್ಯಗಳು ಎಷ್ಟೆಂಬುದನ್ನು ವೇಳಾಪಟ್ಟಿ ನಿರ್ಧರಿಸುತ್ತದೆ.

ಆ ವೇಳಾಪಟ್ಟಿ ಹಿಂದೆ ಚಿಕ್ಕದಿತ್ತು. ಬೊಂಬಾಯಿಯ ಸತತ 15 ವರ್ಷಗಳ ಪಾರುಪತ್ಯವನ್ನು ಮುರಿದು ಕರ್ನಾಟಕ ಮೊದಲ ಸಲ ಪ್ರಶಸ್ತಿ ಗೆದ್ದ 1973-74ರಲ್ಲಿ ದಕ್ಷಿಣ ವಲಯದ ಐದು ತಂಡಗಳ ಲೀಗ್ ಮುಗಿಸಿ ನಾಕೌಟ್ ಹಂತಕ್ಕೆ ಹೋಗಬೇಕಿದ್ದುದರಿಂದ, ಇ. ಎ. ಎಸ್. ಪ್ರಸನ್ನ ಮತ್ತು ಬಿ. ಎಸ್. ಚಂದ್ರಶೇಖರ್ ಎಂಬ ಇಬ್ಬರು ಸ್ಪಿನ್ನರುಗಳ ಹೆಗಲ ಮೇಲೆ ಋತುವನ್ನು ಸಾಗಿಸಲು ಬರುತ್ತಿತ್ತು. ಚಂದ್ರಶೇಖರರ ಬಲಗೈ ಬಾಲ್ಯದ ಪೋಲಿಯೊದಿಂದ ಸೊರಗಿತ್ತು. ಬೌಂಡರಿ ಬಳಿಯಿಂದ ಚೆಂಡು ಹಿಂದಿರುಗಿಸಲು ಎಡಗೈ ಬಳಸುತ್ತಿದ್ದ ಅವರು ಅದೇ ಸೊರಗಿದ ಕೈಯಿಂದ ವೇಗದ ಗೂಗ್ಲಿ ಎಸೆದು 1972-73ರ ಇಂಗ್ಲೆಂಡ್ ಸರಣಿಯ ಐದು ಟೆಸ್ಟ್‌ಗಳಲ್ಲಿ 35 ವಿಕೆಟ್ ಪಡೆದಿದ್ದರು.

ಪಂದ್ಯಗಳು ಹೆಚ್ಚಿದಂತೆ ಸಂಖ್ಯೆಗಳೂ ಹಿಗ್ಗಿದವು. 1990ರ ದಶಕದ ಕೊನೆಯಲ್ಲಿ ವಲಯ ಲೀಗಿನ ನಂತರ ಸೂಪರ್ ಲೀಗ್ ಸೇರಿಕೊಂಡಿತು. ಜಾವಗಲ್ ಶ್ರೀನಾಥ್, ವೆಂಕಟೇಶ್ ಪ್ರಸಾದ್, ಅನಿಲ್ ಕುಂಬ್ಳೆ ಬಹುಪಾಲು ಭಾರತ ತಂಡದೊಂದಿಗೆ ಇರುತ್ತಿದ್ದ ಕಾರಣ ರಾಜ್ಯದ ಬೌಲಿಂಗ್ ಭಾರ ವೇಗಿ ದೊಡ್ಡ ಗಣೇಶರ ಪಾಲಿಗೆ ಬಂತು. 1998-99ರಲ್ಲಿ ಅವರು 62 ವಿಕೆಟ್ ಪಡೆದರು. 1974-75ರಲ್ಲಿ ಬಿಷನ್ ಸಿಂಗ್ ಬೇಡಿ ದೆಹಲಿಗಾಗಿ ಪಡೆದಿದ್ದ, ಆಗಿನ ರಣಜಿ ದಾಖಲೆಯಾದ 64ಕ್ಕೆ ಇದು ಎರಡೇ ಕಡಿಮೆ. ಬೇಡಿ ಸ್ಪಿನ್ನರ್, ಗಣೇಶ್ ಓಡಿ ಬಂದು ಎಸೆಯುವವರು, ಆದ್ದರಿಂದ ಎರಡು ಅಂಕಿಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಆ ವರ್ಷ ಬೆಂಗಳೂರಿನ ಫೈನಲ್‌ನಲ್ಲಿ ಮಧ್ಯಪ್ರದೇಶವನ್ನು ಕೊನೆಯ ದಿನ ಉರುಳಿಸಿದ್ದು ಮಾತ್ರ ವಿಜಯ್ ಭಾರದ್ವಾಜರ ಆಫ್‌ಸ್ಪಿನ್.

ಪಂದ್ಯಗಳು ಇನ್ನೂ ದಟ್ಟವಾಗಿದ್ದಲ್ಲಿ ಸಂಖ್ಯೆಯೂ ಇನ್ನೂ ದೊಡ್ಡದಾಗುತ್ತಿತ್ತು: ಕುಂಬ್ಳೆ 1995ರಲ್ಲಿ ಇಂಗ್ಲೆಂಡಿನ ನಾರ್ಥಾಂಪ್ಟನ್‌ಷೈರ್ ಕೌಂಟಿಗಾಗಿ 105 ವಿಕೆಟ್ ಪಡೆದರು. ವಾರವಿಡೀ ಆಡುತ್ತಿದ್ದ ಆಗಿನ ಕೌಂಟಿ ಪದ್ಧತಿಯೇ ಬೇಸ್‌ಬಾಲಿನ ದಟ್ಟ ವೇಳಾಪಟ್ಟಿಗೆ ಹೆಚ್ಚು ಸಮೀಪವಾಗಿತ್ತು.

2009-10ರಲ್ಲಿ ಅಭಿಮನ್ಯು ಮಿಥುನ್ 47, ಆರ್. ವಿನಯ್ ಕುಮಾರ್ 46 ವಿಕೆಟ್ ಪಡೆದರೂ ಮೈಸೂರಿನ ಗಂಗೋತ್ರಿ ಗ್ಲೇಡ್ಸ್‌ನ ಫೈನಲ್ ಅನ್ನು ಮುಂಬೈ 6 ರನ್‌ಗಳಿಂದ ಗೆದ್ದಿತು. ಮುಂದೆ ಎಡಗೈ ವೇಗಿ ಎಸ್. ಅರವಿಂದ್ ಜೊತೆಗೂಡಿ ಭಾರ ಮೂವರಲ್ಲಿ ಹಂಚಿಹೋದ ಮೇಲೆ, 2013-14 ಮತ್ತು 2014-15ರಲ್ಲಿ ರಣಜಿ ಟ್ರೋಫಿ ಬೆನ್ನುಬೆನ್ನಿಗೆ ಕರ್ನಾಟಕಕ್ಕೆ ದಕ್ಕಿತು. ಬೆಂಗಳೂರಿನ ಹೊರಗೆ ತುಮಕೂರು ರಸ್ತೆಯ ಕಡೆಯ ಆಲೂರಿನಲ್ಲಿ ರಾಜ್ಯ ಕ್ರಿಕೆಟ್ ಸಂಸ್ಥೆ ಒಂದಕ್ಕೊಂದು ತಾಗಿದ ಮೈದಾನಗಳನ್ನು ನಿರ್ಮಿಸಿರುವುದರಿಂದ ಇಂದಿನ ಬೌಲರುಗಳ ಅಭ್ಯಾಸ ಮತ್ತು ಪಂದ್ಯಗಳಲ್ಲಿ ಒಂದು ಪಾಲು ಅಲ್ಲಿಯೇ ನಡೆಯುತ್ತದೆ.