ಹಲಸಿಯ ತಾಮ್ರಪಟ, ಫ್ಲೀಟ್ ಸಾಹೇಬರ ಸಂಸ್ಕೃತ

ಖಾನಾಪುರದಿಂದ ಬೆಳಗಾವಿ ಕಾಲೇಜಿಗೆ ಹೋಗುವ ಹುಡುಗರಿಗೆ ಭಾಷೆಯ ಪೇಪರ್ ಅಂದರೆ ಪಾಸಾದರೆ ಸಾಕು. ಆದರೆ ನಮ್ಮ ತಾಲೂಕಿನ ಹಲಸಿಯ ಚರಿತ್ರೆ ಹೊರಬಿದ್ದದ್ದು ಹೀಗೆ ಜೊತೆಗೆ ಓದಿದ ಒಂದು ಭಾಷೆಯಿಂದಲೇ.

ಜಾನ್ ಫೇತ್‌ಫುಲ್ ಫ್ಲೀಟ್ 1865ರಲ್ಲಿ ಇಂಡಿಯನ್ ಸಿವಿಲ್ ಸರ್ವಿಸ್‌ಗೆ ಆಯ್ಕೆಯಾದರು. ಮುಂದಿನ ಕೆಲಸ ಆಡಳಿತದ್ದು. ಅದರ ತಯಾರಿಯಲ್ಲೇ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಗೋಲ್ಡ್‌ಸ್ಟುಕರ್ ಅವರ ಬಳಿ ಸಂಸ್ಕೃತ ಓದಿದರು. 1867ರಲ್ಲಿ ಮುಂಬಯಿ ಪ್ರಾಂತಕ್ಕೆ ಬಂದರು, 1872ರಲ್ಲಿ ಇದರ ದಕ್ಷಿಣ ಭಾಗಕ್ಕೆ, ಅಂದರೆ ನಮ್ಮ ಕಡೆಗೆ, ಶಾಲಾ ಇನ್ಸ್‌ಪೆಕ್ಟರ್ ಆದರು. ಕನ್ನಡವನ್ನೂ ಕಲಿತರು.

ಹಲಸಿಯಲ್ಲಿ ಕದಂಬರ ತಾಮ್ರಪಟಗಳು ಸಿಕ್ಕಿದ್ದವು. ಬರಹ ಸಂಸ್ಕೃತ, ಲಿಪಿ ಹಳೆಯದು. ಫ್ಲೀಟ್ ಅವನ್ನು ಓದಿ 1870ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವೆರಿ' ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಹಲಸಿಯೇ ಕದಂಬರ ಪಲಾಶಿಕಾ ಎಂಬುದು, ಕಾಕುಸ್ಥವರ್ಮ, ರವಿವರ್ಮರ ಕಾಲದಲ್ಲಿ ಜೈನರಿಗೆ ಕೊಟ್ಟ ದಾನದ ಸಂಗತಿ, ಎಲ್ಲ ಅವುಗಳಲ್ಲಿವೆ.

ನನಗೆ ಇದಕ್ಕಿಂತ ಸೋಜಿಗ ಅವರ ಲಾವಣಿ ಸಂಗ್ರಹ. ಹಳ್ಳಿಯವರು ಹಾಡುತ್ತಿದ್ದ ಸಂಗೊಳ್ಳಿ ರಾಯಣ್ಣನ ಲಾವಣಿಯನ್ನು ಬರೆದುಕೊಂಡು, ಇಂಗ್ಲಿಷ್ ಅನುವಾದದ ಜೊತೆ ಅದೇ ಪತ್ರಿಕೆಗೆ ಕೊಟ್ಟರು. ಅದೇ ರಾಯಣ್ಣನನ್ನು ಕಂಪನಿ ಸರ್ಕಾರ 1831ರಲ್ಲಿ ಗಲ್ಲಿಗೇರಿಸಿದ್ದು ಹಲಸಿಯ ನೆರೆಯ ನಂದಗಡದಲ್ಲಿ.