ತಾಮ್ರದ ಹಂಡೆ ತಾರಸಿ ಏರಿದ ಕಥೆ

ಹಲಸೂರಿನಿಂದ ಕೃಷ್ಣರಾಜಪುರದವರೆಗೆ ಎಲ್ಲೇ ಒಂದು ಎತ್ತರದ ಮಹಡಿಯ ಮೇಲೆ ನಿಂತು ನೋಡಿದರೂ ಸುತ್ತಲಿನ ತಾರಸಿಗಳಲ್ಲಿ ದಕ್ಷಿಣಕ್ಕೆ ಮುಖ ಮಾಡಿ ಓರೆಯಾಗಿ ಕುಳಿತ ಗಾಜಿನ ಪೆಟ್ಟಿಗೆಗಳು ಕಣ್ಣಿಗೆ ಬೀಳುತ್ತವೆ. ಜನರ ಬಾಯಲ್ಲಿ ಅದು ಬರೀ ‘ಸೋಲಾರ್’. ವಿದ್ಯುತ್ ಕೊಡುವ ಫಲಕಕ್ಕೂ ಇದೇ ಹೆಸರಿದ್ದರೂ ಎರಡರ ಜಾತಕ ಬೇರೆ. ವಿದ್ಯುತ್ ಕೊಡುವ ಸಿಲಿಕಾನ್ ಕೋಶ 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ್ದು. ಸಿದ್ಧ ಕೋಶಗಳನ್ನು ಕೊಂಡು ತಂದು ಮನೆಯಲ್ಲಿ ಜೋಡಿಸಬಹುದೇ ಹೊರತು ಆ ಕೋಶವನ್ನು ಹಿತ್ತಲಿನಲ್ಲಿ ತಯಾರಿಸಲಾಗದು. ನೀರು ಕಾಯಿಸುವ ಫಲಕ ಹಾಗಲ್ಲ. ತಾಮ್ರದ ತಗಡು, ನಾಲ್ಕಾರು ಕೊಳವೆ, ಕಪ್ಪು ಬಣ್ಣ, ಹಳೆಯ ಕಿಟಕಿಯ ಗಾಜು, ಬೆಸುಗೆ ಬಲ್ಲ ಒಂದು ಕೈ ಇಷ್ಟಿದ್ದರೆ ಕೆಲಸ ಆರಂಭಿಸಬಹುದು. ಬೆಂಗಳೂರಿನಲ್ಲಿ ಮೊದಲು ಬೇರೂರಿದ್ದು ಈ ಎರಡನೆಯ ಜಾತಿಯ ಸೋಲಾರ್.

ಇದರ ಮೂಲಪುರುಷ ಜಿನೀವಾದ ವಿಜ್ಞಾನಿ ಸೊಸ್ಯೂರ್. 1767ರಲ್ಲಿ ಗಾಜಿನ ಪೆಟ್ಟಿಗೆಗಳೊಂದಿಗೆ ಪ್ರಯೋಗ ಆರಂಭಿಸಿದ ಆತ, ಒಳಮೈ ಕಪ್ಪಾಗಿದ್ದ ಮರದ ಪೆಟ್ಟಿಗೆಗೆ ಮೂರು ಪದರ ಗಾಜು ಮುಚ್ಚಿ ಬಿಸಿಲಿಗಿಟ್ಟಾಗ ಒಳಗಿನ ಶಾಖ ನೀರು ಕುದಿಯುವ ಮಟ್ಟವನ್ನೂ ದಾಟಿತು. ಗಾಜು ಬೆಳಕನ್ನು ಒಳಗೆ ಬಿಡುತ್ತದೆ, ಕಾದ ಮೈ ಹೊರಸೂಸುವ ಶಾಖವನ್ನು ಹೊರಗೆ ಬಿಡುವುದಿಲ್ಲ. ನಮ್ಮ ದೇಶದಲ್ಲೂ ಇಂಥ ಹುಚ್ಚಿನವರು ಇರಲಿಲ್ಲವೆಂದಲ್ಲ. ಮುಂಬಯಿಯ ಹೈಕೋರ್ಟಿನಲ್ಲಿ ಅಧಿಕಾರಿಯಾಗಿದ್ದ ವಿಲಿಯಂ ಆಡಮ್ಸ್ ಎಂಬಾತ ಸಾಮಾನ್ಯ ಕನ್ನಡಿಗಳನ್ನು ಜೋಡಿಸಿ ಬಿಸಿಲಿನ ಒಲೆ ಮಾಡಿ, ಜನವರಿ ತಿಂಗಳಲ್ಲಿ ಏಳು ಮಂದಿ ಸೈನಿಕರ ಊಟವನ್ನು ಎರಡು ಗಂಟೆಯಲ್ಲಿ ಬೇಯಿಸಿದ್ದಾಗಿ ಹೇಳಿಕೊಂಡ. 1878ರಲ್ಲಿ ಈ ಬಗ್ಗೆ ಪುಸ್ತಕವನ್ನೂ ಪ್ರಕಟಿಸಿದ. ಬೆಂಗಳೂರಿನ ದಂಡಿನಂಥ ಸೇನಾನೆಲೆಗಳ ಅಡುಗೆಮನೆಗಳೇ ಆತನ ಕಣ್ಣ ಮುಂದಿದ್ದವು ಎನ್ನಬಹುದು. ಆದರೂ ದಂಡಿನಲ್ಲಿ ಉರಿದದ್ದು ಸೌದೆಯೇ.

ಈಗಿನ ರೂಪ ಕೊಟ್ಟಾತ ಕ್ಯಾಲಿಫೋರ್ನಿಯಾದ ವಿಲಿಯಂ ಬೈಲಿ. 1909ರಲ್ಲಿ ಆತ ಕಾಯಿಸುವ ಫಲಕವನ್ನೂ ನೀರು ತುಂಬುವ ತೊಟ್ಟಿಯನ್ನೂ ಬೇರ್ಪಡಿಸಿದ. ಫಲಕದಲ್ಲಿ ಕಾದ ನೀರು ಹಗುರಾಗಿ ಮೇಲಿನ ತೊಟ್ಟಿಗೆ ಏರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ. ಪಂಪು ಬೇಡ, ಕರೆಂಟು ಬೇಡ.

ಬೆಂಗಳೂರಿನ ಮನೆಗಳಿಗೆ ಬಿಸಿನೀರಿನ ಉಪಕರಣ ಹೊಸದೇನಲ್ಲ. ಬಚ್ಚಲೊಲೆಯ ಮೇಲೆ ತಾಮ್ರದ ಹಂಡೆ ಕೂರುತ್ತಿತ್ತು. ಆಮೇಲೆ ನಡುವೆ ಹೊಗೆಕೊಳವೆ ಇರುವ ತಾಮ್ರದ ಬಾಯ್ಲರ್ ಬಂತು; ಮರದ ಹೊಟ್ಟು, ತೆಂಗಿನ ಚಿಪ್ಪು, ರದ್ದಿ ಕಾಗದ ಏನು ಹಾಕಿದರೂ ಅದು ಉರಿಯುತ್ತಿತ್ತು. ಅದಕ್ಕೂ ಮುಂದಿನದು ಎಲೆಕ್ಟ್ರಿಕ್ ಗೀಸರ್. ಮಳೆ ಕೈಕೊಟ್ಟು ಶರಾವತಿಯ ಜಲಾಶಯ ತಗ್ಗಿದ ವರ್ಷಗಳಲ್ಲಿ ಅದನ್ನು ನಂಬುವಂತಿರಲಿಲ್ಲ.

ಊರಿನ ಹವೆಯೂ ಈ ಉಪಕರಣಕ್ಕೆ ಒದಗಿಬಂತು. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಈ ಊರಿನಲ್ಲಿ ವರ್ಷದ ಹೆಚ್ಚಿನ ಬೆಳಗುಗಳಲ್ಲಿ ಬಿಸಿನೀರು ಬೇಕು. ಆದರೆ ನೀರು ಹೆಪ್ಪುಗಟ್ಟುವ ಚಳಿ ಇಲ್ಲಿಲ್ಲ. ದಾಖಲಾದ ಅತಿ ಕಡಿಮೆ ಉಷ್ಣತೆ 1884ರ ಜನವರಿಯ 7.8 ಡಿಗ್ರಿ. ಚಳಿದೇಶಗಳಲ್ಲಿ ಕೊಳವೆ ಒಡೆಯದಂತೆ ಮಾಡುವ ದುಬಾರಿ ಏರ್ಪಾಡು ಯಾವುದೂ ಇಲ್ಲಿ ಬೇಕಾಗಿಲ್ಲ. ಬೈಲಿಯ ಸರಳ ವಿನ್ಯಾಸವೇ ಸಾಕು.

ಹಾಗಾದರೆ ಶಿವಾಜಿನಗರದ ಗುಜರಿಯಲ್ಲಿ ಸಿಗುವ ಸಾಮಾನಿನಿಂದ ಫಲಕ ಮಾಡಬಹುದೆ? ಮಾಡಬಹುದು. ಹಳೆಯ ಫ್ರಿಜ್ಜಿನ ಬೆನ್ನಿಗಿರುವ ಕೊಳವೆಜಾಲಕ್ಕೆ ಕಪ್ಪು ಬಳಿದು, ಗಾಜು ಮುಚ್ಚಿ, ಅಡಿಗೆ ತೆಂಗಿನ ನಾರು ತುಂಬಿದರೂ ನೀರು ಬೆಚ್ಚಗಾಗುತ್ತದೆ. ಎಡವುವುದು ಸಣ್ಣ ಸಂಗತಿಗಳಲ್ಲಿ. ಕೊಳವೆಯನ್ನು ತಗಡಿಗೆ ತಂತಿಯಿಂದ ಬಿಗಿದರೆ ನಡುವೆ ಗಾಳಿ ಉಳಿದು ಶಾಖ ದಾಟುವುದಿಲ್ಲ. ಉದ್ದಕ್ಕೂ ಬೆಸುಗೆ ಕೂಡಬೇಕು. ತೊಟ್ಟಿ ಫಲಕಕ್ಕಿಂತ ತಗ್ಗಿನಲ್ಲಿದ್ದರೆ ಹಗಲು ಕಾದ ನೀರು ರಾತ್ರಿ ಹಿಂದಕ್ಕೆ ಹರಿದು ಆರಿಹೋಗುತ್ತದೆ. ಕೊಳವೆ ಎಲ್ಲಾದರೂ ಡೊಂಕಾಗಿ ಮೇಲೆದ್ದರೆ ಅಲ್ಲಿ ಗಾಳಿಗುಳ್ಳೆ ಸೇರಿ ಹರಿವೇ ನಿಲ್ಲುತ್ತದೆ. ಇಷ್ಟೆಲ್ಲ ಸರಿಯಾದರೂ ಒಂದು ತೊಡಕು ಉಳಿಯುತ್ತದೆ: ಸಾಧಾರಣ ಕಪ್ಪು ಬಣ್ಣ ಬಿಸಿಲನ್ನು ಎಷ್ಟು ಚೆನ್ನಾಗಿ ಹೀರುತ್ತದೆಯೋ, ಕಾದ ಮೇಲೆ ಶಾಖವನ್ನು ಹೆಚ್ಚುಕಡಿಮೆ ಅಷ್ಟೇ ಧಾರಾಳವಾಗಿ ಹೊರಸೂಸುತ್ತದೆ.

ಬಿಸಿಲನ್ನು ಹೀರಿ ಶಾಖವನ್ನು ಬಿಡದ ಲೇಪವನ್ನು 1955ರಲ್ಲಿ ಇಸ್ರೇಲಿನ ಹ್ಯಾರಿ ಟೇಬರ್ ತೋರಿಸಿಕೊಟ್ಟಿದ್ದ. ಬೆಂಗಳೂರಿಗೆ ಅಂಥ ಲೇಪ ಸಿಕ್ಕಿದ್ದು ನಗರದ ಪೂರ್ವದಲ್ಲೇ, ಅದೂ ವಿಮಾನದವರಿಂದ. 1959ರಲ್ಲಿ ದೆಹಲಿಯಲ್ಲಿ ಆರಂಭವಾಗಿ ಮರುವರ್ಷ ಇಲ್ಲಿಗೆ ಬಂದ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ ಮೊದಲು ನೆಲೆಯೂರಿದ್ದು ದಂಡಿನ ಪಕ್ಕದ ಜಯಮಹಲ್ ರಸ್ತೆಯಲ್ಲಿದ್ದ ಮೈಸೂರು ಮಹಾರಾಜರ ಕುದುರೆಲಾಯಗಳಲ್ಲಿ. ಮುಂದೆ ಅದು ಇಂದಿರಾನಗರದ ಪಕ್ಕದ ಕೋಡಿಹಳ್ಳಿಗೆ ಹೋಯಿತು. ವಿಮಾನದ ಲೋಹಗಳಿಗೆ ಲೇಪ ಹಾಕುವ ವಿದ್ಯೆ ಬಲ್ಲ ಆ ಸಂಸ್ಥೆ ‘ನಾಲ್‌ಸನ್’ ಎಂಬ ಲೇಪವನ್ನು ರೂಪಿಸಿ ಹೀಟರ್ ತಯಾರಕರಿಗೆ ಕೊಟ್ಟಿತು. ಲೇಪದ ದಪ್ಪ ಕೂದಲೆಳೆಗಿಂತ ಎಷ್ಟೋ ಕಡಿಮೆ. ಹಿತ್ತಲಿನ ಸಾಮಾನು ಕಾರ್ಖಾನೆಯ ಸರಕಾದದ್ದು ಇಂಥ ಲೇಪಗಳಿಂದ. ಕುಂಚ ಹಿಡಿದು ಇದನ್ನು ಬಳಿಯಲು ಬರುವುದಿಲ್ಲ.

ಲೆಕ್ಕ ಸರಳವಾಗಿದೆ. ನೂರು ಲೀಟರ್ ನೀರನ್ನು 25ರಿಂದ 60 ಡಿಗ್ರಿಗೆ ಏರಿಸಲು ಸುಮಾರು 4 ಯೂನಿಟ್ ವಿದ್ಯುತ್ ಬೇಕು. ಅದನ್ನೇ ಎರಡು ಚದರ ಮೀಟರಿನ ಫಲಕ ಒಂದು ಒಳ್ಳೆಯ ಬಿಸಿಲಿನ ದಿನ ಪುಕ್ಕಟೆ ಮಾಡುತ್ತದೆ. ಸರ್ಕಾರಕ್ಕೂ ಇದು ಹೊಳೆಯಿತು. ಹೀಟರ್ ಇರುವ ಮನೆಗಳ ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆಯಂತೆ, ತಿಂಗಳಿಗೆ 50 ರೂಪಾಯಿಗೆ ಮೀರದ ರಿಯಾಯಿತಿ ಬಂತು. ನಿಗದಿತ ವಿಸ್ತೀರ್ಣ ದಾಟಿದ ಹೊಸ ಕಟ್ಟಡಗಳಿಗೆ ಹೀಟರ್ ಕಡ್ಡಾಯವೆಂಬ ಆದೇಶ 2007ರಲ್ಲಿ ಹೊರಟಿತು. ಕಡ್ಡಾಯವಾದದ್ದನ್ನು ಹಾಕಿಸುವುದು ಬೇರೆ, ಬಳಸುವುದು ಬೇರೆ ಎಂಬುದು ತಾರಸಿ ಹತ್ತಿದವರಿಗೆ ಗೊತ್ತು.

ಪೂರ್ವದ ಬಡಾವಣೆಗಳಲ್ಲಿ ತಾಮ್ರಕ್ಕೆ ಬೇರೆಯದೇ ಶತ್ರು ಕಾದಿತ್ತು. ಕೃಷ್ಣರಾಜಪುರದ ಕಡೆಯ ಅನೇಕ ಮನೆಗಳು ದಶಕಗಳ ಕಾಲ ನಂಬಿದ್ದು ಕೊಳವೆಬಾವಿ ಮತ್ತು ಟ್ಯಾಂಕರನ್ನು. ಆ ಗಡಸು ನೀರು ಕಾದಾಗ ಸುಣ್ಣದಂಥ ಹೊಪ್ಪಳೆ ಕೊಳವೆಯೊಳಗೆ ಕಟ್ಟುತ್ತದೆ, ಕೆಲವೇ ವರ್ಷಗಳಲ್ಲಿ ಬೆರಳು ಗಾತ್ರದ ದಾರಿ ಕಡ್ಡಿ ಗಾತ್ರಕ್ಕೆ ಇಳಿಯುತ್ತದೆ. ಬಿಚ್ಚಿ ತೊಳೆಯಬಲ್ಲ ಗಾಜಿನ ನಳಿಕೆಗಳ ಹೀಟರ್‌ಗಳು ಚೀನಾದಿಂದ ಬಂದು ಇಲ್ಲಿ ಜಾಗ ಹಿಡಿದದ್ದಕ್ಕೆ ಅಗ್ಗದ ಬೆಲೆಯ ಜೊತೆಗೆ ಇದೂ ಕಾರಣ. ಕಾವೇರಿಯ ಐದನೆಯ ಹಂತದ ನೀರು ಹೊರವಲಯದ 110 ಹಳ್ಳಿಗಳ ಕಡೆ ಹೊರಟದ್ದು 2024ರ ಅಕ್ಟೋಬರಿನಲ್ಲಿ. ಅತ್ತ ಇಂದಿರಾನಗರದಲ್ಲಿ ನೀರಿಗಿಂತ ನೆರಳಿನ ಚಿಂತೆ. ಎರಡಂತಸ್ತಿನ ಮನೆಯ ಪಕ್ಕದಲ್ಲಿ ಐದಂತಸ್ತಿನ ಕಟ್ಟಡ ಎದ್ದರೆ, ಸೂರ್ಯ ದಕ್ಷಿಣಕ್ಕೆ ವಾಲುವ ಡಿಸೆಂಬರಿನಲ್ಲಿ, ಬಿಸಿನೀರು ತೀರಾ ಬೇಕಾದ ದಿನಗಳಲ್ಲೇ, ಫಲಕ ಮಧ್ಯಾಹ್ನಕ್ಕೇ ಕತ್ತಲಾಗುತ್ತದೆ.